ಕತ್ರಿಗುಪ್ಪೆಯ ನೀರಿನ ಲಾರಿ ಪಳಗಿದ ವೃತ್ತಾಂತ

ಸಾವಿರದ ಒಂಬೈನೂರ ಅರವತ್ತನೆಯ ಇಸವಿಯ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೂರನೆಯ ದಿನ, ಕತ್ರಿಗುಪ್ಪೆ ಗ್ರಾಮಕ್ಕೆ ನೀರು ಒದಗಿಸುವ ಸಲುವಾಗಿ ನಮ್ಮ ಕಚೇರಿಗೆ ಒಂದು ಹೊಸ ಲಾರಿ ಬಂದಿತು. ಅದರ ಬೆನ್ನ ಮೇಲೆ ಎಂಟುನೂರು ಗ್ಯಾಲನ್ ಹಿಡಿಯುವ ಟ್ಯಾಂಕು ಇತ್ತು. ಈಗ ಲಾರಿಗೆ ಎಂಟು ವರ್ಷ ತುಂಬಿದೆ, ಆ ಟ್ಯಾಂಕಿಗೆ ಇದುವರೆಗೆ ಒಂದು ಚೊಂಬು ನೀರೂ ಬಿದ್ದಿಲ್ಲ. ಇದನ್ನು ಯಾರೂ ದೂರು ಎಂದು ತಿಳಿಯಬಾರದು. ಕತ್ರಿಗುಪ್ಪೆಯ ನೀರಿನ ಕಷ್ಟ ನೀಗಿಸಿದ್ದು ಆ ಲಾರಿಯೇ ಎಂದು ಊರಿನವರು ಒಪ್ಪುತ್ತಾರೆ, ಕಚೇರಿ ಒಪ್ಪಿದೆ, ನಾನೂ ಒಪ್ಪಿ ರುಜು ಹಾಕಿದ್ದೇನೆ.

ನಾನು ಎಂದರೆ ತಿರುಮಲೇಶ, ದಕ್ಷಿಣ ಬಡಾವಣೆಗಳ ತಾತ್ಕಾಲಿಕ ಜಲಸೌಕರ್ಯ ಕಚೇರಿಯ ಎರಡನೆಯ ದರ್ಜೆ ಗುಮಾಸ್ತ. ಕಚೇರಿ ಇರುವುದು ಜಯನಗರದಲ್ಲಿ, ಒಂದು ಬಾಡಿಗೆ ಮನೆಯ ಮುಂಭಾಗದಲ್ಲಿ. ತಾತ್ಕಾಲಿಕ ಎಂಬ ಮಾತು ಹೆಸರಿಗೆ ಸೇರಿ ಹನ್ನೊಂದು ವರ್ಷವಾಯಿತು. ಲಾರಿ ದಿನಕ್ಕೆ ಎಷ್ಟು ಓಡಿತು, ಎಷ್ಟು ಪೆಟ್ರೋಲ್ ಕುಡಿಯಿತು ಎಂದು ಲಾಗ್ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗೆ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಈ ವೃತ್ತಾಂತದಲ್ಲಿ ಆ ಸಂಗತಿಗೂ ಪಾತ್ರವಿರುವುದರಿಂದ ಹೇಳಿದೆ, ಜಂಬಕ್ಕಲ್ಲ.

ಲಾರಿ ಬರುವ ಮುಂಚೆ ಕತ್ರಿಗುಪ್ಪೆಯಲ್ಲಿ ಒಂದು ಬಾವಿ ಇತ್ತು. ಅದರಲ್ಲಿ ನೀರೂ ಇತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ. ನಮ್ಮ ನಿಯಮಾವಳಿಯ ಪ್ರಕಾರ ನೀರಿರುವ ಊರಿಗೆ ನೀರಿನ ಲಾರಿ ಕೊಡುವ ಹಾಗಿಲ್ಲ, ಲಾರಿಯೋ ಆಗಲೇ ಮಂಜೂರಾಗಿಬಿಟ್ಟಿತ್ತು. ಮಂಜೂರಾದ ಲಾರಿಯನ್ನು ವಾಪಸು ಕಳಿಸಲು ಎಂಟು ಕಾಗದ ಬೇಕು, ಬಾವಿ ಮುಚ್ಚಲು ಒಂದೇ ಸಾಕು. ಆದ್ದರಿಂದ ಡಿಸೆಂಬರ್ ಕೊನೆಯ ವಾರದಲ್ಲಿ ಬಾವಿಗೆ ಮಣ್ಣು ತುಂಬಿಸಿ, ಊರಿಗೆ ನೀರಿಲ್ಲ ಎಂಬ ದೃಢೀಕರಣ ಪತ್ರವನ್ನು ಕಡತಕ್ಕೆ ಸೇರಿಸಿದೆವು.

ಲಾರಿ ಬಂದ ದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು ಪೂಜೆ ಮಾಡಿದೆವು. ಮುಖ್ಯಾಧಿಕಾರಿ ಗಂಗಾಧರಯ್ಯನವರು ಕೈಯಲ್ಲಿ ಪ್ರಸಾದ ಹಿಡಿದುಕೊಂಡೇ, "ಇವತ್ತೇ ನೀರು ತುಂಬ್ಸಿ ಕಳಿಸಿಬಿಡೋಣ, ಏನ್ರೀ?" ಎಂದರು. ಅವರು ಹಾಗೆಂದದ್ದು ನಿಜ, ನಾನೇ ಕಿವಿಯಾರೆ ಕೇಳಿದ್ದೇನೆ. ಅವರ ಬಗ್ಗೆ ಮುಂದೆ ಬರುವ ಮಾತುಗಳನ್ನು ಓದುವವರು ಇದನ್ನೂ ನೆನಪಿನಲ್ಲಿಡಬೇಕು.

ತಡೆದದ್ದು ಓವರ್‌ಸಿಯರ್ ಜಯಸಿಂಹ. ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು, ಇನ್ನೂ ಖಾಯಂ ಆಗಿರಲಿಲ್ಲ, ಆ ಕಾರಣದಿಂದ ಎಲ್ಲವನ್ನೂ ಓದುತ್ತಿದ್ದ. ಲಾರಿಯ ಜೊತೆ ಬಂದ ಪುಸ್ತಕವನ್ನೂ ಓದಿದ್ದ.

"ಸಾರ್, ಹೊಸ ಇಂಜಿನ್ನು. ಮೊದಲ ಸಾವಿರ ಮೈಲಿ ಪಳಗಿಸ್ಬೇಕು ಅಂತಿದೆ," ಎಂದ. "ಒಳಗಿನ ಭಾಗ ಎಲ್ಲಾ ಒಂದಕ್ಕೊಂದು ಉಜ್ಜಿ ಹೊಂದ್ಕೊಳ್ಳೋವರೆಗೂ ಬಿಗಿ ಇರುತ್ತೆ. ಬೇಗ ಬಿಸಿ ಆಗುತ್ತೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ. ಹೊಂದ್ಕೊಂಡ ಮೇಲೆ ಕಮ್ಮಿ ಆಗುತ್ತೆ. ಅಲ್ಲೀವರ್ಗೂ ನಿಧಾನಕ್ಕೆ ಓಡಿಸ್ಬೇಕು, ಪೂರ್ತಿ ಲೋಡ್ ಹಾಕ್ಬಾರ್ದು."

"ಪೂರ್ತಿ ಬೇಡ ಅಂದ್ರೆ ಎಷ್ಟು?"

"ಅರ್ಧ ಹಾಕ್ಬೋದು ಸಾರ್."

"ಅರ್ಧ ಅನ್ನೋದನ್ನ ಅಳೆಯೋರು ಯಾರ್ರೀ? ಒಂದು ಬಿಂದಿಗೆ ಹೆಚ್ಚಾಗಿ ಇಂಜಿನ್ ಕೆಟ್ಟರೆ ನೀವು ಜವಾಬ್ದಾರೀನಾ?"

ಜಯಸಿಂಹನಿಗೆ ತಾನು ಖಾಯಂ ಆಗಿಲ್ಲ ಎಂಬುದು ನೆನಪಾಯಿತು.

"ಖಾಲೀನೇ ಓಡಲಿ," ಎಂದರು ಗಂಗಾಧರಯ್ಯನವರು. "ಖಾಲಿಗಾದ್ರೆ ಅಳತೆ ಬೇಕಿಲ್ಲ."

ಆ ಸಂಜೆಯೇ ಆಜ್ಞೆ ಹೊರಟಿತು. ಸದರಿ ವಾಹನವು ಪಳಗುವ ಅವಧಿಯಲ್ಲಿ ಗಂಟೆಗೆ ಹದಿನೈದು ಮೈಲಿ ವೇಗವನ್ನು ಮೀರತಕ್ಕದ್ದಲ್ಲ. ಯಾವುದೇ ಭಾರವನ್ನು ಹೊರತಕ್ಕದ್ದಲ್ಲ, ಈ ಆಜ್ಞೆಯ ಉದ್ದೇಶಕ್ಕಾಗಿ ನೀರನ್ನೂ ಭಾರವೆಂದೇ ಪರಿಗಣಿಸತಕ್ಕದ್ದು. ದಿನಕ್ಕೆ ಹನ್ನೆರಡು ಮೈಲಿ ಓಡತಕ್ಕದ್ದು. ಗ್ಯಾಲನ್ನಿಗೆ ಆರು ಮೈಲಿಯಂತೆ ದಿನವೊಂದಕ್ಕೆ ಎರಡು ಗ್ಯಾಲನ್ ಪೆಟ್ರೋಲನ್ನು ಪಳಗಿಕೆಯ ಸಲುವಾಗಿ ವಿಶೇಷವಾಗಿ ಮಂಜೂರು ಮಾಡಲಾಗಿದೆ. ಮೈಲಿಗೆ ಸಾಕ್ಷಿಯಾಗಿ ಲಾಗ್ ಗುಮಾಸ್ತರು ಚಾಲಕನ ಪಕ್ಕದಲ್ಲಿ ಕೂರತಕ್ಕದ್ದು. ಊರಿಗೆ ವಾಹನದ ಪರಿಚಯವೂ ವಾಹನಕ್ಕೆ ಊರಿನ ಪರಿಚಯವೂ ಆಗಲೆಂದು ದಿನಕ್ಕೊಮ್ಮೆ ಕತ್ರಿಗುಪ್ಪೆಯಲ್ಲಿ ನಿಲ್ಲತಕ್ಕದ್ದು.

ಟ್ಯಾಂಕಿನ ಹಿಂಬದಿಗೆ ಒಂದು ಫಲಕ ಬರೆಸಿದೆವು: "ಈ ವಾಹನ ಪಳಗುತ್ತಿದೆ. ದಯಮಾಡಿ ಮುಂದೆ ಸಾಗಿ."

ಮಾರನೆಯ ದಿನ ಹೊರಟೆವು. ಚಾಲಕ ತಿಮ್ಮರಾಯಪ್ಪ ಗೊಟ್ಟಿಗೆರೆಯವನು, ಹಿಂದೆ ಬಸ್ಸು ಓಡಿಸಿದ್ದವನು, ಕಾಲು ಸ್ವಲ್ಪ ಚುರುಕು. ಹದಿನೈದು ಮೈಲಿ ವೇಗದಲ್ಲಿ ಹೋಗುವುದು ಅವನಿಗೆ ಉಪವಾಸದಷ್ಟೇ ಕಷ್ಟವಾಗಿತ್ತು. ಸೌತ್ ಎಂಡ್ ದಾಟಿ, ಕನಕಪುರ ರಸ್ತೆ ಹಿಡಿದು, ಬನಶಂಕರಿ ಗುಡಿಯ ಮುಂದೆ ಕೈ ಮುಗಿದು, ವಸಂತಪುರದ ತನಕ ಹೋಗಿ ತಿರುಗಿಸಿಕೊಂಡೆವು. ಬರುವಾಗ ಕತ್ರಿಗುಪ್ಪೆಯ ಬೋರಣ್ಣ ತನ್ನ ಎತ್ತಿನ ಗಾಡಿಯಲ್ಲಿ ನಮ್ಮನ್ನು ಹಿಂದೆ ಹಾಕಿದ. ಅವನಿಗೆ ಓದಲು ಬಾರದು, ಆದರೂ ಫಲಕದ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ.

ಕತ್ರಿಗುಪ್ಪೆ ತಲುಪುವ ಹೊತ್ತಿಗೆ ಇಂಜಿನ್ ಕಾದು ರೇಡಿಯೇಟರಿನಿಂದ ಹಬೆ ಏಳುತ್ತಿತ್ತು. ಹೊಸ ಬಿಗಿ ಎಂದರೆ ಹಾಗೆಯೇ ಎಂದು ಜಯಸಿಂಹ ಹೇಳಿದ್ದ. ಮುಚ್ಚಿದ ಬಾವಿಯ ಪಕ್ಕದ ಬಯಲಲ್ಲಿ ಹೆಂಗಸರು ಬಿಂದಿಗೆ, ಕೊಳಗ, ಹಂಡೆಗಳನ್ನು ಸಾಲಾಗಿಟ್ಟು ಕಾಯುತ್ತಿದ್ದರು. ಲಾರಿ ಕಂಡದ್ದೇ ಸೆರಗು ಬಿಗಿದು ಎದ್ದು ನಿಂತರು. ತಿಮ್ಮರಾಯಪ್ಪ ಕೆಳಗಿಳಿದು, ಸಾಲಿನ ಮೊದಲಲ್ಲಿದ್ದ ಮುನಿವೆಂಕಟಮ್ಮನ ಮುಂದೆ ಖಾಲಿ ಡಬ್ಬ ಹಿಡಿದ.

"ಅಕ್ಕ, ಒಂದೆರಡ್ ಬಿಂದ್ಗೆ ನೀರಿದ್ರೆ ಕೊಡಕ್ಕ. ಗಾಡಿ ಕುದೀತೈತೆ."

ಆಕೆ ಲಾರಿಯನ್ನೂ ಡಬ್ಬವನ್ನೂ ನೋಡಿದಳು. "ನೀರು ಕೊಡಾಕ್ ಬಂದಿರೋ ಗಾಡಿ ಅಲ್ವೇನಪ್ಪ ಇದು?"

"ಹೌದಕ್ಕ. ಆದ್ರೆ ಇನ್ನೂ ಹೊಸದು."

ಐವತ್ತು ದಾಟಿದ ಹೆಂಗಸು. ಬಾವಿ ಮುಚ್ಚಿದಂದಿನಿಂದ ಅರ್ಧ ಮೈಲಿ ಆಚೆಯ ಬೋರಣ್ಣನ ಹೊಲದ ಬಾವಿಯಿಂದ ತಲೆಯ ಮೇಲೊಂದು, ಸೊಂಟದ ಮೇಲೊಂದು ಬಿಂದಿಗೆ ಹೊತ್ತು ತರುತ್ತಿದ್ದಳು. "ಬಾಯಾರಿದ್ದು ಮನ್ಸರಾದ್ರೇನು, ಗಾಡಿಯಾದ್ರೇನು," ಎಂದು ಮನೆಯೊಳಗಿಂದ ಎರಡು ಬಿಂದಿಗೆ ತಂದು ಕೊಟ್ಟಳು. ನಾನು ಲಾಗ್ ಪುಸ್ತಕದಲ್ಲಿ ಹೊಸದೊಂದು ಕಲಂ ಎಳೆದು ಬರೆದೆ: ರೇಡಿಯೇಟರ್ ನೀರು, ಬಿಂದಿಗೆ ಎರಡು. ಮೂಲ, ಮುನಿವೆಂಕಟಮ್ಮ.

ಆವತ್ತಿನಿಂದ ದಿನವೂ ಅದೇ ಆಯಿತು. ನೀರಿನ ಲಾರಿ ಬರುವುದು, ಎರಡು ಬಿಂದಿಗೆ ನೀರು ಕುಡಿಯುವುದು, ಹೋಗುವುದು. ಐದಾರು ದಿನ ನೋಡಿ ಮುನಿವೆಂಕಟಮ್ಮ ನನ್ನನ್ನು ಕೇಳಿದಳು.

"ಸಾಮಿ, ಇದು ಯಾವಾಗ ಭಾರ ಹೊರ್ತದೆ?"

"ಸಾವಿರ ಮೈಲಿ ಆಗ್ಬೇಕಮ್ಮ. ಅಲ್ಲೀವರ್ಗೂ ಇದನ್ನ ನಾಜೂಕಾಗಿ ನೋಡ್ಕೋಬೇಕು."

"ಬಾಣಂತೀನ ನೋಡ್ಕಂಡಂಗೆ ಅನ್ನಿ." ಆಕೆ ಜಗುಲಿಯ ಕಡೆ ಕೈ ತೋರಿಸಿದಳು. ಅಲ್ಲಿ ಆಕೆಯ ಮಗಳು ಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. "ಚೊಚ್ಚಲು. ಗಂಡನ ಮನೆಯಿಂದ ಕರ್ಕಂಡ್ ಬಂದಿವ್ನಿ. ಯುಗಾದಿ ಕಳೆದು ತಿಂಗಳಿಗೆ ಹೆರಿಗೆ. ಬಾಣಂತಿಗೆ, ಕೂಸಿಗೆ ಎರೆಯಾಕೆ ದಿನಾ ಒಂದು ಹಂಡೆ ಬಿಸಿನೀರು ಬೇಕು ಸಾಮಿ. ಒಂದು ಹಂಡೆ ಅಂದ್ರೆ ಎಂಟು ಬಿಂದ್ಗೆ. ನಾನೊಬ್ಳೇ ಎಷ್ಟೂಂತ ಹೊರ್ಲಿ? ಬೇಸ್ಗೇಲಿ ಬೋರಣ್ಣನ ಬಾವೀನೂ ಬತ್ತೋಗ್ತದೆ."

ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ ಹನ್ನೆರಡು ಮೈಲಿ, ಭಾನುವಾರ ಮತ್ತು ಹಬ್ಬಗಳನ್ನು ಕಳೆದರೆ ಸಾವಿರ ಮೈಲಿ ಮೇ ತಿಂಗಳ ಮೊದಲಲ್ಲಿ ಮುಗಿಯುತ್ತದೆ. "ನಿಮ್ಮ ಮೊಮ್ಮಗು ಹುಟ್ಟೋ ಹೊತ್ತಿಗೆ ನೀರು ಬಾಗಿಲಿಗೆ ಬರುತ್ತಮ್ಮ, ನಾನ್ ಹೇಳ್ತಿದೀನಲ್ಲ," ಎಂದೆ. ಸರ್ಕಾರಿ ನೌಕರ ಬಾಯಿಮಾತಿನಲ್ಲಿ ಏನನ್ನೂ ಒಪ್ಪಿಕೊಳ್ಳಬಾರದು ಎಂದು ನಿಯಮವಿದೆ. ಅದು ಒಳ್ಳೆಯ ನಿಯಮ ಎಂದು ನನಗೆ ಆಮೇಲೆ ತಿಳಿಯಿತು.

ಆರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ತಿಮ್ಮರಾಯಪ್ಪ ಸಾಹೇಬರ ಕೋಣೆಗೆ ಬಂದು, ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ.

"ಸಾರ್, ಗಾಡಿ ಪೆಟ್ರೋಲ್ ಕುಡಿಯೋದು ಕಮ್ಮಿ ಮಾಡೈತೆ. ಗ್ಯಾಲನ್ನಿಗೆ ಎಂಟು ಮೈಲಿ ಕೊಡ್ತಾ ಐತೆ. ದಿನಾ ಅರ್ಧ ಗ್ಯಾಲನ್ ಉಳೀತಾ ಐತೆ. ಬಿಸೀನೂ ಆಗ್ತಿಲ್ಲ."

ಜಯಸಿಂಹನ ಮುಖ ಅರಳಿತು. "ಇಂಜಿನ್ ಹೊಂದ್ಕೊಳ್ತಿದೆ ಸಾರ್. ಪುಸ್ತಕದಲ್ಲಿ ಹೇಳಿರೋ ಹಾಗೇ ಆಗ್ತಿದೆ. ಬಹಳ ಒಳ್ಳೇ ಲಕ್ಷಣ."

"ಏನ್ ಒಳ್ಳೇ ಲಕ್ಷಣಾರೀ?" ಎಂದರು ಗಂಗಾಧರಯ್ಯನವರು. "ಎರಡು ಗ್ಯಾಲನ್ ಬೇಕು ಅಂತ ನಾನು ರುಜು ಹಾಕಿ ತರ್ಸಿದೀನಿ. ಅರ್ಧ ಉಳೀತು ಅಂತ ವಾಪಸ್ ಬರೆದ್ರೆ ಮೇಲಿನೋರು ಏನಂತಾರೆ? ಬೇಡದೇ ಇರೋದನ್ನ ಕೇಳಿದ್ದ ಅಂತಾರೆ. ಕಚೇರಿ ಮಾನ ಏನಾಗ್ಬೇಕು?"

ಕಚೇರಿಯ ಮಾನದ ಬಗ್ಗೆ ನಾವು ಮೂವರೂ ಸ್ವಲ್ಪ ಹೊತ್ತು ಯೋಚಿಸಿದೆವು. ಕೊನೆಗೆ ಸಾಹೇಬರೇ ದಾರಿ ಕಂಡುಹಿಡಿದರು. ಲಾರಿ ಎಂಟು ಕೊಟ್ಟರೆ ಅದು ಲಾರಿಯ ಔದಾರ್ಯ, ಲಾಗ್ ಪುಸ್ತಕದಲ್ಲಿ ಆರೇ ಇರಲಿ. ಉಳಿದ ಅರ್ಧ ಗ್ಯಾಲನ್ನನ್ನು ಡಬ್ಬದಲ್ಲಿ ಇಟ್ಟರೆ ಆವಿಯಾಗಿ ಸರ್ಕಾರಕ್ಕೆ ನಷ್ಟ. ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಸಾಹೇಬರ ಸ್ವಂತದ ಹಳೆಯ ಕಪ್ಪು ಕಾರು ನಿಂತಿತ್ತು, ಅದರ ಟ್ಯಾಂಕಿನ ಮುಚ್ಚಳ ಬಹಳ ಬಿಗಿ. ಪೆಟ್ರೋಲನ್ನು ಅಲ್ಲಿ ಭದ್ರವಾಗಿ ಶೇಖರಿಸುವುದೆಂದು ತೀರ್ಮಾನವಾಯಿತು. ತಿಮ್ಮರಾಯಪ್ಪ ದಿನವೂ ಸಂಜೆ ರಬ್ಬರ್ ಕೊಳವೆಯಿಂದ ಆ ಶೇಖರಣೆಯ ಕೆಲಸ ಮಾಡತೊಡಗಿದ. ನಿಂತ ಪೆಟ್ರೋಲ್ ಹಳಸಬಾರದಲ್ಲ, ಅದಕ್ಕೆಂದು ಸಾಹೇಬರ ಮನೆಯವರಾದ ಅಮ್ಮಣ್ಣಿಯವರು ಪ್ರತಿ ಭಾನುವಾರ ಕಾರಿನಲ್ಲಿ ನಂದಿಬೆಟ್ಟಕ್ಕೋ ಶಿವಗಂಗೆಗೋ ಹೋಗಿಬರುವ ಶ್ರಮ ವಹಿಸಿಕೊಂಡರು.

ನಾನು ಆರು ಎಂದು ಬರೆದೆ. ಆರು ಎಂಬ ಅಂಕಿ ನನ್ನ ಕೈಯಲ್ಲಿ ಬಹಳ ಚೆಂದ ಬರುತ್ತದೆ. ಜಯಸಿಂಹ ಅದನ್ನು ನೋಡಿ ಮೆಲ್ಲಗೆ ಒಂದು ತೊಡಕು ಎತ್ತಿದ. ಗ್ಯಾಲನ್ನಿಗೆ ಆರೇ ಮೈಲಿ ಕೊಡುವ ಇಂಜಿನ್ ಇನ್ನೂ ಬಿಗಿಯಾಗಿದೆ ಎಂದರ್ಥ. ಬಿಗಿಯಾದ ಇಂಜಿನ್ ಕುದಿಯಲೇಬೇಕು, ಕುದಿಯುವ ಇಂಜಿನ್ ನೀರು ಕುಡಿಯಲೇಬೇಕು. ಪೆಟ್ರೋಲ್ ಕಲಂ ತುಂಬಿ ನೀರಿನ ಕಲಂ ಖಾಲಿಯಿದ್ದರೆ ಆಡಿಟ್‌ನವರು ಕಣ್ಣು ಬಿಡುತ್ತಾರೆ. ಅವನ ಮಾತು ನ್ಯಾಯವಾಗಿತ್ತು. ಆದ್ದರಿಂದ ತಿಮ್ಮರಾಯಪ್ಪ ನೀರು ಕೇಳುವುದನ್ನು ನಿಲ್ಲಿಸಿದ ಮೇಲೂ ನಾನು ದಿನಾ ಎರಡು ಬಿಂದಿಗೆ ಎಂದು ಬರೆಯುತ್ತ ಹೋದೆ. ರಸ್ತೆಯ ಮೇಲೆ ಲಾರಿ ತಣ್ಣಗೆ ಓಡುತ್ತಿತ್ತು, ಪುಸ್ತಕದಲ್ಲಿ ಕುದಿಯುತ್ತಲೇ ಇತ್ತು.

ಏಪ್ರಿಲ್ ನಡುವಿನಲ್ಲಿ ಬೋರಣ್ಣನ ಬಾವಿ ಬತ್ತಿತು. ಮುನಿವೆಂಕಟಮ್ಮ ಒಂದು ಸಂಜೆ ನಡೆದುಕೊಂಡೇ ಜಯನಗರದ ಕಚೇರಿಗೆ ಬಂದಳು. ಸಾಹೇಬರು ಇರಲಿಲ್ಲ. ಆಕೆ ಹಿಂದಿನ ಶೆಡ್ಡಿನ ಹತ್ತಿರ ನೆರಳಲ್ಲಿ ಕೂತು, ತಿಮ್ಮರಾಯಪ್ಪ ಕೊಳವೆ ಬಾಯಿಗಿಟ್ಟು ಲಾರಿಯಿಂದ ಎಳೆದು ಕಾರಿಗೆ ಬಿಡುವುದನ್ನು ಪೂರ್ತಿಯಾಗಿ ನೋಡಿದಳು. ಹೋಗುವಾಗ ನನ್ನನ್ನು, "ಎಷ್ಟು ಮೈಲಿ ಆಯ್ತು ಸಾಮಿ?" ಎಂದಳು.

"ಎಂಟುನೂರ ಐವತ್ತೆರಡಮ್ಮ."

"ಆಗ್ಲಿ ಬಿಡಿ. ಸಾವಿರ ದೂರ ಇಲ್ಲ."

ಏಪ್ರಿಲ್ ಕೊನೆಯಲ್ಲಿ ಲಕ್ಷ್ಮಮ್ಮ ಹೆಣ್ಣು ಹೆತ್ತಳು. ಹೆರಿಗೆ ಸಲೀಸಾಯಿತು, ನೀರು ಆಗಲಿಲ್ಲ. ಮುನಿವೆಂಕಟಮ್ಮ ಯಡಿಯೂರು ಕೆರೆಯ ತನಕ ನಡೆದು ದಿನಕ್ಕೆ ಮೂರು ಬಿಂದಿಗೆ ತರುತ್ತಿದ್ದಳು. ಬಾಣಂತಿಗೆ ಎರೆದರೆ ಅಡಿಗೆಗಿಲ್ಲ, ಅಡಿಗೆಗಿಟ್ಟರೆ ಕೂಸಿಗಿಲ್ಲ. ಆದರೂ ಊರಿನಲ್ಲಿ ಯಾರ ಮುಖವೂ ಬಾಡಿರಲಿಲ್ಲ, ಏಕೆಂದರೆ ಲಾರಿಯ ಮೀಟರು ಒಂಬೈನೂರ ತೊಂಬತ್ತಾರು ಮೈಲಿ ತೋರಿಸುತ್ತಿತ್ತು. ಮಾರನೆಯ ದಿನ ಶುಕ್ರವಾರ. ಕತ್ರಿಗುಪ್ಪೆಯವರು ಬಯಲಿಗೆ ನೀರಿಲ್ಲದೆಯೇ ರಂಗೋಲಿ ಹಾಕಿ, ಮಾವಿನ ತೋರಣ ಕಟ್ಟಿ, ಬಿಂದಿಗೆಗಳಿಗೆ ಅರಿಶಿನ ಕುಂಕುಮ ಹಚ್ಚಿದರು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯ ಟಪಾಲಿನಲ್ಲಿ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಕಚೇರಿಯ ಯಾವ ದಾಖಲೆಯಲ್ಲೂ ಮೈಲಿ, ಗ್ಯಾಲನ್ ಎಂಬ ಅಳತೆಗಳನ್ನು ಬಳಸತಕ್ಕದ್ದಲ್ಲ, ಕಿಲೋಮೀಟರ್ ಮತ್ತು ಲೀಟರ್‌ಗಳನ್ನೇ ಬಳಸತಕ್ಕದ್ದು ಎಂದಿತ್ತು. ಗಂಗಾಧರಯ್ಯನವರು ಅದನ್ನು ಎರಡು ಸಲ ಓದಿ ನನ್ನನ್ನು ಕರೆದರು. ನಾಲ್ಕು ಮೈಲಿ ಓಡಿದರೆ ವಿಶೇಷ ಪೆಟ್ರೋಲ್ ನಿಂತುಹೋಗುತ್ತದೆ ಎಂದು ಎರಡು ವಾರದಿಂದ ಕಳೆಗುಂದಿದ್ದ ಅವರ ಮುಖದಲ್ಲಿ ಈಗ ಕಳೆ ಬಂದಿತ್ತು.

"ತಿರುಮಲೇಶ್, ನಮ್ಮ ದಾಖಲೆ ಪ್ರಕಾರ ಈ ಲಾರಿ ಇವತ್ತಿನವರೆಗೂ ಎಷ್ಟು ಕಿಲೋಮೀಟರ್ ಓಡಿದೆ?"

ನಾನು ಪುಸ್ತಕ ತಿರುವಿ ನೋಡಿದೆ. ಕಿಲೋಮೀಟರ್ ಎಂಬ ಮಾತು ಎಲ್ಲೂ ಇರಲಿಲ್ಲ. "ಒಂದೂ ಇಲ್ಲ ಸಾರ್."

"ನೋಡಿದ್ರಾ? ಒಂದು ಕಿಲೋಮೀಟರೂ ಓಡದೇ ಇರೋ ಗಾಡಿಗೆ ಭಾರ ಹೊರ್ಸೋಕೆ ಹೊರಟಿದ್ವಿ."

"ಸಾವಿರ ಮೈಲಿ ಅಂದ್ರೆ ಸಾವಿರದ ಆರುನೂರ ಒಂಬತ್ತು ಕಿಲೋಮೀಟರ್ ಆಗುತ್ತೆ ಸಾರ್," ಎಂದ ಜಯಸಿಂಹ. ಓಡಿದ ಮೈಲಿಯನ್ನೂ ಹಾಗೆಯೇ ಬದಲಾಯಿಸಿಕೊಳ್ಳಬಹುದು ಎಂದು ಅವನು ಹೇಳಹೊರಟಿದ್ದ.

"ಒಳ್ಳೇದೇ ಆಯ್ತು. ಸಾವಿರದ ಆರುನೂರ ಒಂಬತ್ತು ಅಂತಲೇ ಬರ್ಕೊಳ್ಳಿ. ಇವತ್ತಿಂದ ಶುರು."

ಆದರೆ ಲಾರಿಯ ಮೀಟರು ಮೈಲಿಯನ್ನಷ್ಟೇ ತೋರಿಸುತ್ತಿತ್ತು. ಮೈಲಿ ನೋಡಿ ಕಿಲೋಮೀಟರ್ ಬರೆದರೆ ನಿಷೇಧಿಸಿದ ಅಳತೆಯನ್ನು ಬಳಸಿದಂತೆ. ಹಾಗಾಗಿ ಕಿಲೋಮೀಟರ್ ಮೀಟರು ಬರುವ ತನಕ ಲಾರಿ ಎಂದಿನಂತೆ ಓಡುತ್ತಿರಬೇಕು, ಓಡಿದ್ದು ಲೆಕ್ಕಕ್ಕೆ ಸೇರಬಾರದು ಎಂದಾಯಿತು. ಪೆಟ್ರೋಲ್ ಮಾತ್ರ ಕೂಡಲೇ ಲೀಟರಿಗೆ ಬದಲಾಯಿತು. ಎರಡು ಗ್ಯಾಲನ್ನಿಗೆ ಒಂಬತ್ತು ಲೀಟರ್ ಮತ್ತು ಒಂದು ಚೂರು ಬರುತ್ತದೆ, ಸಾಹೇಬರು ದುಂಡಗೆ ಹತ್ತು ಮಾಡಿದರು. ಹೊಸ ಮೀಟರಿಗೆ ಆವತ್ತೇ ಬೇಡಿಕೆ ಕಳಿಸಿದೆವು. ಅದು ಬರುವುದರಲ್ಲಿದೆ.

ಈ ಸುದ್ದಿಯನ್ನು ಹೊತ್ತು ಖಾಲಿ ಲಾರಿಯಲ್ಲಿ ನಾನು ಕತ್ರಿಗುಪ್ಪೆಗೆ ಹೋದೆ. ತೋರಣದ ಕೆಳಗೆ ನಿಲ್ಲಿಸಿದೆವು. ನಾನು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ನಿಂತು ಸುತ್ತೋಲೆಯನ್ನು ಓದಿ ಅರ್ಥ ಹೇಳಿದೆ. ಕುಂಕುಮ ಹಚ್ಚಿದ ಬಿಂದಿಗೆಗಳನ್ನು ಎತ್ತಿಕೊಂಡು ಒಬ್ಬೊಬ್ಬರೇ ಹೋದರು. ಬೋರಣ್ಣ ಮಾತ್ರ, "ಮೈಲಿ ನಾವೂ ನಡೆದಿದ್ವಿ ಸಾರ್. ಅದೂ ಹೋಯ್ತಾ?" ಎಂದು ಕೇಳಿದ. ನಾನು ಸುತ್ತೋಲೆಯನ್ನು ಮಡಚಿ ಜೇಬಿನಲ್ಲಿಟ್ಟೆ.

ಒಳಗಿನಿಂದ ಕೂಸು ಅಳುವುದು ಕೇಳಿಸುತ್ತಿತ್ತು. ನನ್ನ ಮನೆ ಜಯನಗರದಲ್ಲಿ, ಅಂಗಳದಲ್ಲೇ ನಲ್ಲಿ. ನನ್ನ ಹೆಂಡತಿ ವಾರಿಜಾ ದಿನಾ ಸಂಜೆ ಕ್ರೋಟನ್ ಗಿಡಗಳಿಗೆ 'ಸ್ನಾನ' ಮಾಡಿಸುತ್ತಾಳೆ. ಅದು ನೆನಪಾಗಿ ನನಗೆ ನಾಚಿಕೆಯಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಅದು ಮೊದಲ ಸಲ, ಹೇಗೆ ನಿಲ್ಲಬೇಕೆಂದೂ ತಿಳಿಯಲಿಲ್ಲ.

ಮುನಿವೆಂಕಟಮ್ಮ ಲಾರಿಯ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಆಕೆ ರೇಡಿಯೇಟರಿನ ಮೇಲೆ ಅಂಗೈ ಇಟ್ಟು ನೋಡಿದಳು.

"ತಣ್ಣಗೈತಲ್ಲ ಸಾಮಿ."

"ಹೌದಮ್ಮ."

"ನನ್ ತಾವ ನೀರು ಕೇಳಿ ಎರಡು ತಿಂಗಳಾಯ್ತು. ನಿಮ್ಮ ಬುಕ್ಕಲ್ಲಿ ಏನ್ ಬರ್ದಿದೀರಿ?"

ನಾನು ಸುಳ್ಳು ಹೇಳಬಹುದಿತ್ತು. "ದಿನಾ ಎರಡು ಬಿಂದಿಗೆ ಅಂತಲೇ ಇದೆ," ಎಂದೆ.

ಆಕೆ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದಳು. "ನೋಡಿ ಸಾಮಿ, ಆವತ್ತು ನಿಮ್ಮ ಕಚೇರಿಗೆ ಬಂದಾಗ ಕಂಡಿವ್ನಿ. ನಿಮ್ಮ ಗಾಡಿ ಕುಡೀದೇ ಇರೋ ಎಣ್ಣೇನ ಸಾಹೇಬ್ರ ಕಾರು ಕುಡೀತದೆ. ಕುಡೀಲಿ, ನಾನ್ಯಾಕ್ ಬೇಡ ಅನ್ನಾನ. ಆದ್ರೆ ನಿಮ್ಮ ಗಾಡಿ ಕುಡೀದೇ ಇರೋ ನೀರೂ ಐತಲ್ಲ. ಅದನ್ನ ನಾವು ಕುಡಿದ್ರೆ ತಪ್ಪೇನೈತೆ?"

ಇಪ್ಪತ್ತು ವರ್ಷ ಕಡತ ನೋಡಿದವನು ನಾನು. ಇಂಥ ನೇರವಾದ ಟಿಪ್ಪಣಿಯನ್ನು ಯಾವ ಮೇಲಧಿಕಾರಿಯಿಂದಲೂ ಕೇಳಿರಲಿಲ್ಲ.

ಆ ಮಧ್ಯಾಹ್ನವೇ ಕೂತು ಬರೆದೆ. ಸದರಿ ವಾಹನವು ಇಂದಿಗೂ ಅತಿಯಾಗಿ ಪೆಟ್ರೋಲ್ ಸೇವಿಸುತ್ತಿರುವುದು ದಾಖಲೆಯಿಂದ ದೃಢಪಡುತ್ತದೆ. ಅತಿಯಾಗಿ ಸೇವಿಸುವ ಇಂಜಿನ್ ಅತಿಯಾಗಿ ಬಿಸಿಯಾಗತಕ್ಕದ್ದು, ಬಿಸಿಯಾದದ್ದು ನೀರು ಕುಡಿಯತಕ್ಕದ್ದು. ನೀರಿನ ಮೂಲವು ಮುನಿವೆಂಕಟಮ್ಮ ಎಂದು ದಾಖಲಾಗಿದ್ದು, ಸದರಿ ಮೂಲವು ಬತ್ತಿರುತ್ತದೆ. ಇನ್ನು ಮುಂದೆ ನೀರಿನ ಕಲಮನ್ನು ಖಾಲಿ ಬಿಟ್ಟಲ್ಲಿ ಪೆಟ್ರೋಲಿನ ಕಲಮಿನ ಬಗ್ಗೆ ಆಡಿಟ್‌ನವರಲ್ಲಿ ಅನಾವಶ್ಯಕ ಕುತೂಹಲ ಉಂಟಾಗುವ ಸಂಭವವಿದೆ. ಆದಕಾರಣ ವಾಹನದ ಉಪಯೋಗಕ್ಕಾಗಿ ಕತ್ರಿಗುಪ್ಪೆಯಲ್ಲೇ ಒಂದು ನೀರಿನ ಆಸರೆಯನ್ನು ನಿರ್ಮಿಸಲು ಆಜ್ಞೆಯಾಗಬೇಕೆಂದು ಪ್ರಾರ್ಥನೆ.

ಗಂಗಾಧರಯ್ಯನವರು ಮೂರು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಎಷ್ಟು ನೀರು ಬೇಕಾಗ್ಬೋದ್ರೀ?"

"ದಿನಕ್ಕೆ ನಾನೂರು ಬಿಂದಿಗೆ ಸಾರ್." ಅದು ಊರಿನ ಮನೆಗಳ ಲೆಕ್ಕ, ಬೋರಣ್ಣ ಹೇಳಿಕೊಟ್ಟಿದ್ದ.

"ಒಂದು ಲಾರಿಗಾ?"

"ಆರು ಮೈಲಿ ಕೊಡೋ ಲಾರಿಗೆ ಸಾರ್. ಎಂಟು ಕೊಡೋದಾದ್ರೆ ಒಂದು ಲೋಟ ಸಾಕು. ಯಾವುದನ್ನ ಬರೀಲಿ?"

ಸಾಹೇಬರು ಕಿಟಕಿಯಿಂದ ಶೆಡ್ಡಿನ ಕಡೆ ನೋಡಿದರು. ಬರುವ ಭಾನುವಾರ ಅಮ್ಮಣ್ಣಿಯವರ ತವರಿನವರೆಲ್ಲ ಸೇರಿ ಶಿವನಸಮುದ್ರಕ್ಕೆ ಹೊರಟಿದ್ದರು. ಅವರು ನನ್ನನ್ನು ಒಂದು ಸಲ ಚೆನ್ನಾಗಿ ನೋಡಿ, ಬಳಿಕ ಜಯಸಿಂಹನ ಕಡೆ ತಿರುಗಿದರು. "ಓವರ್‌ಸಿಯರ್ ಏನಂತೀರಿ? ಕುಡಿಯುತ್ತಾ?"

ಜಯಸಿಂಹ ಪುಸ್ತಕ ಮುಚ್ಚಿದ. "ಇದಕ್ಕಿಂತ ಜಾಸ್ತಿ ಕುಡಿದ್ರೂ ಆಶ್ಚರ್ಯ ಇಲ್ಲ ಸಾರ್," ಎಂದ. ಅವನು ಖಾಯಂ ಆಗುವ ದಾರಿಯಲ್ಲಿದ್ದಾನೆ ಎಂದು ನನಗೆ ಆವಾಗಲೇ ಅನ್ನಿಸಿತು.

ಸಾಹೇಬರು ರುಜು ಹಾಕಿದರು. ಮುಚ್ಚಿದ ಬಾವಿಯನ್ನು ತೆರೆಯಲು ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ಅದೇ ಜಾಗದಲ್ಲಿ, ಅದೇ ಅಗಲಕ್ಕೆ, "ವಾಹನ ತಂಪುಗುಂಡಿ" ಎಂಬ ಹೆಸರಿನಲ್ಲಿ ಹೊಸದಾಗಿ ಒಂದನ್ನು ತೋಡಿಸಿದೆವು. ಮಣ್ಣು ಸಡಿಲವಿದ್ದುದರಿಂದ ಕೆಲಸ ಎಂಟೇ ದಿನಕ್ಕೆ ಮುಗಿಯಿತು. ಮೂವತ್ತು ಅಡಿಯವರೆಗೂ ಸುತ್ತ ಹಳೆಯ ಕಲ್ಲುಕಟ್ಟಡವೇ ಸಿಕ್ಕಿತು, ಅದರ ಬುಡದಲ್ಲಿ ಹಳೆಯ ನೀರು. ಆ ಎಂಟು ದಿನ ನನ್ನ ಮನೆಯ ನಲ್ಲಿಯಿಂದ ವಾರಿಜಾ ಎಂಟೆಂಟು ಬಿಂದಿಗೆ ಹಿಡಿದು ಕ್ಯಾಬಿನ್ನಿನಲ್ಲಿ ಇರಿಸಿಕೊಡುತ್ತಿದ್ದಳು. ಅದನ್ನು ಭಾರವೆಂದು ಯಾರೂ ಎಣಿಸಬಾರದು, ರೇಡಿಯೇಟರಿಗೆ ಮುಂಗಡ ನೀರು ಎಂದು ನಾನು ದಾಖಲಿಸಿದ್ದೇನೆ. ಲಕ್ಷ್ಮಮ್ಮನಿಗೂ ಕೂಸಿಗೂ ಎರೆಯುವ ಹಂಡೆ ಆ ಎಂಟು ದಿನವೂ ತುಂಬಿತ್ತು. ನಮ್ಮ ಕ್ರೋಟನ್ ಗಿಡಗಳಲ್ಲಿ ಎರಡು ಒಣಗಿದವು.

ತಂಪುಗುಂಡಿಯ ಮುಂದೆ ನಿಯಮದಂತೆ ಫಲಕ ನೆಟ್ಟಿದ್ದೇವೆ: "ಲಾರಿಯ ಉಪಯೋಗಕ್ಕೆ ಮಾತ್ರ." ಊರಿನವರು ಇದನ್ನು ಬಹಳ ಶ್ರದ್ಧೆಯಿಂದ ಪಾಲಿಸುತ್ತಾರೆ. ಪ್ರತಿಯೊಬ್ಬ ಹೆಂಗಸೂ ಬಿಂದಿಗೆ ಇಳಿಬಿಡುವ ಮುಂಚೆ "ಲಾರಿಗೆ" ಎಂದು ಹೇಳಿಯೇ ಇಳಿಬಿಡುತ್ತಾಳೆ. ಲಾರಿ ದಿನವೂ ಹನ್ನೊಂದು ಗಂಟೆಗೆ ಬಂದು ನಿಲ್ಲುತ್ತದೆ. ತಿಮ್ಮರಾಯಪ್ಪ ಮುಚ್ಚಳ ತೆಗೆಯುತ್ತಾನೆ, ಆವತ್ತಿನ ಸರದಿಯವರು ಒಂದು ಲೋಟ ನೀರು ಹಾಕುತ್ತಾರೆ, ಮಿಕ್ಕ ಮುನ್ನೂರ ತೊಂಬತ್ತೊಂಬತ್ತು ಚಿಲ್ಲರೆ ಬಿಂದಿಗೆಯನ್ನು ಲಾರಿಯ ಪರವಾಗಿ ಮನೆಗಳಿಗೆ ಸಾಗಿಸುತ್ತಾರೆ. ಲಕ್ಷ್ಮಮ್ಮನ ಮಗಳಿಗೆ ಈಗ ಎಂಟು ವರ್ಷ. ಅಜ್ಜಿಯ ಮನೆಗೆ ಬಂದಾಗ ಸ್ನಾನ ಮಾಡುವಾಗಲೂ "ಲಾರಿಗೆ" ಎಂದೇ ಮೈಮೇಲೆ ನೀರು ಹುಯ್ದುಕೊಳ್ಳುತ್ತಾಳೆ.

ಹೋದ ವರ್ಷ ಮೇಲಿನ ಕಚೇರಿಯಿಂದ ತನಿಖಾಧಿಕಾರಿಯೊಬ್ಬರು ಬಂದರು. ಪುಸ್ತಕ ನೋಡಿದರು, ಲಾರಿ ನೋಡಿದರು, ನೀರು ತುಂಬಿದ ಗುಂಡಿಯನ್ನೂ ನೋಡಿದರು. ಮುನಿವೆಂಕಟಮ್ಮನನ್ನು ಕರೆದು ಕೇಳಿದರು.

"ಏನಮ್ಮ, ಲಾರಿಯಿಂದ ನೀರಿಗೆ ಅನುಕೂಲ ಆಗಿದೆಯಾ?"

"ಲಾರಿ ಬಂದ್ಮೇಲೆ ನೀರಿಗೆ ತೊಂದ್ರೆ ಅನ್ನೋದೇ ಇಲ್ಲ ಬುದ್ಧಿ."

"ಮತ್ತೆ ಇನ್ನೂ ಪಳಗುತ್ತಿದೆ ಅಂತ ಬೋರ್ಡ್ ಇದೆಯಲ್ಲ?"

"ಅವಸರ ಮಾಡ್ಬೇಡಿ ಬುದ್ಧಿ. ನಾಜೂಕಿನ ಗಾಡಿ."

ಯೋಜನೆ ಸಂಪೂರ್ಣ ಯಶಸ್ವಿಯಾಗಿದೆ ಎಂದು ಅವರು ಷರಾ ಬರೆದರು. ಗಂಗಾಧರಯ್ಯನವರಿಗೆ ಬಡ್ತಿಯಾಯಿತು, ಜಯಸಿಂಹ ಖಾಯಮಾದ. ಹೊರಡುವಾಗ ತನಿಖಾಧಿಕಾರಿಗಳು, ತಮ್ಮ ಜೀಪೂ ಇತ್ತೀಚೆಗೆ ಪೆಟ್ರೋಲ್ ಕಡಿಮೆ ಕುಡಿಯುತ್ತಿದೆ, ಅದನ್ನು ಯಾವ ಕಲಮಿನಲ್ಲಿ ತೋರಿಸುವುದು ಎಂದು ನನ್ನನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ನಾನು ಹೇಳಿಕೊಟ್ಟೆ.

ನಮ್ಮ ಲಾರಿಯನ್ನು ಎಂಟು ವರ್ಷದಿಂದ ದಿನಾ ನೋಡುತ್ತಿದ್ದ ವಸಂತಪುರದವರಿಂದ ಮೊನ್ನೆ ಒಂದು ಅರ್ಜಿ ಬಂದಿದೆ. ಅದನ್ನು ಈಗಷ್ಟೇ ನನ್ನ ದುಂಡು ಅಕ್ಷರದಲ್ಲಿ ನಕಲು ಮಾಡಿ ಮುಗಿಸಿದೆ. ತಮ್ಮೂರಿನ ಹಳೆಯ ಬಾವಿಗಳು ಬತ್ತಿವೆ, ತಮಗೂ ಒಂದು ನೀರಿನ ಲಾರಿಯನ್ನು ಕೂಡಲೇ ಕೊಡಬೇಕು ಎಂದು ಎಪ್ಪತ್ತೆರಡು ಜನ ಹೆಬ್ಬೆಟ್ಟು ಒತ್ತಿದ್ದಾರೆ. ಕೆಳಗೆ ಒಂದೇ ಒಂದು ಷರತ್ತು ಹಾಕಿದ್ದಾರೆ: ಲಾರಿ ಯಾವ ಕಾರಣಕ್ಕೂ ಪಳಗಬಾರದು.